ಸ್ಟ್ರೋಕ್ ಆದ ಮೇಲೆ ಕೈಕಾಲು ಸರಿಹೋಯಿತು, ಆದರೆ ಅಪ್ಪ ಮೊದಲಿನ ಹಾಗಿಲ್ಲ. ಇದಕ್ಕೆ ಯಾರನ್ನು ಕೇಳಬೇಕು?

ದಾವಣಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 68 ವರ್ಷ. ಹೋದ ದೀಪಾವಳಿ ಹೊತ್ತಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಫಿಸಿಯೋಥೆರಪಿ ತಪ್ಪಿಸದೆ ಮಾಡಿಸಿದೆವು. ಈಗ ಕೋಲಿಲ್ಲದೆ ನಡೆಯುತ್ತಾರೆ, ತಾವೇ ಕಲಸಿಕೊಂಡು ಊಟ ಮಾಡುತ್ತಾರೆ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾರೆ. ನೋಡಲು ಬಂದವರೆಲ್ಲ "ಪೂರ್ತಿ ಹುಷಾರಾದರಲ್ಲ" ಅನ್ನುತ್ತಾರೆ.

ಮನೆಯಲ್ಲಿರುವ ನಮಗೆ ಹಾಗೆ ಅನ್ನಿಸುತ್ತಿಲ್ಲ. ನಮ್ಮದು ಬಟ್ಟೆ ಅಂಗಡಿ. ಮದುವೆ ಜವಳಿಯ ಇಡೀ ಬಿಲ್ಲನ್ನು ಬಾಯಲ್ಲೇ ಕೂಡಿಸಿ ಹೇಳುತ್ತಿದ್ದವರು ಅಪ್ಪ. ಮೊನ್ನೆ ಒಬ್ಬರು 340 ರೂಪಾಯಿಯ ಬ್ಲೌಸ್ ಪೀಸು, ಲೈನಿಂಗು ತೆಗೆದುಕೊಂಡು 500ರ ನೋಟು ಕೊಟ್ಟರು. ಅಪ್ಪ ನೋಟು ಹಿಡಿದುಕೊಂಡು ಹಾಗೇ ನಿಂತರು. ಗಲ್ಲಾಪೆಟ್ಟಿಗೆ ತೆಗೆದರು, ನೂರರ ನೋಟು ಕೈಗೆ ತೆಗೆದುಕೊಂಡರು, ಮತ್ತೆ ಒಳಗಿಟ್ಟರು. ಗಿರಾಕಿಯೇ "ನೂರ ಅರವತ್ತು ಕೊಡಿ ಸಾಕು" ಅಂದಾಗ ಸಿಟ್ಟು ಬಂತು. ಅಂಗಡಿ ಹುಡುಗನ ಮೇಲೆ ಕೂಗಾಡಿ ಮನೆಗೆ ಬಂದುಬಿಟ್ಟರು.

ಬೆಳಗಿನ ಬಿ.ಪಿ. ಮಾತ್ರೆ ತೆಗೆದುಕೊಂಡಿದ್ದು ಮರೆತು ಇನ್ನೊಂದು ನುಂಗುತ್ತಾರೆ. ಸುಮ್ನೆ ಕೂತಿರುತ್ತಾರೆ, ಸ್ನಾನಕ್ಕೂ ಹೇಳಬೇಕು. ಅಮ್ಮನಿಗೆ ಇದೆಲ್ಲ ಸೋಮಾರಿತನ ಅನ್ನಿಸುತ್ತಿದೆ, ಜಗಳ ಆಗುತ್ತಿದೆ. ಆಸ್ಪತ್ರೆಗೆ ಹೋದಾಗಲೆಲ್ಲ ಕೈ ಎತ್ತಿಸಿ, ನಡೆಸಿ ನೋಡಿ, ಚೀಟಿ ಬರೆದು ಕಳಿಸುತ್ತಾರೆ. ಲೆಕ್ಕ, ನೆನಪು, ಯೋಚನೆ ಹೇಗಿದೆ ಅಂತ ಯಾರೂ ಕೇಳಿಲ್ಲ.

ಇದು ಸ್ಟ್ರೋಕಿನಿಂದಲೇ ಬಂದಿದ್ದಾ? ಮುಂದೆ ಜಾಸ್ತಿ ಆಗುತ್ತಾ? ಇದಕ್ಕೆ ಚಿಕಿತ್ಸೆ ಇದೆಯಾ?

ಫಿಸಿಯೋ, ಹುಬ್ಬಳ್ಳಿ

ಮೇಡಂ, ನಾವು ಇದನ್ನು ದಿನವೂ ನೋಡುತ್ತೇವೆ. ನಿನ್ನೆ ಹೇಳಿಕೊಟ್ಟ ವ್ಯಾಯಾಮ ಇವತ್ತು ನೆನಪಿರುವುದಿಲ್ಲ. ಎರಡು ಹಂತದ ಕೆಲಸ ಹೇಳಿದರೆ ಮೊದಲನೆಯದು ಮಾಡಿ ನಿಲ್ಲುತ್ತಾರೆ. ಮನೆಯವರು "ಮನಸ್ಸು ಮಾಡಲ್ಲ ಸರ್" ಅಂತ ಅವರ ಎದುರಿಗೇ ಬೈಯುತ್ತಾರೆ. ಅಮ್ಮನಿಗೆ ದಯವಿಟ್ಟು ಹೇಳಿ, ಇದು ಸೋಮಾರಿತನ ಅಲ್ಲ. ಮಿದುಳಿಗೆ ಪೆಟ್ಟಾದಾಗ ಕೆಲಸ ಶುರು ಮಾಡುವ ಶಕ್ತಿಯೇ ಹೋಗಬಹುದು.

ನರರೋಗ ವೈದ್ಯ, ಮಂಗಳೂರು

ತುಂಬಾ ಮುಖ್ಯವಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಹೌದು, ಇದು ಸ್ಟ್ರೋಕಿಗೆ ಸಂಬಂಧಿಸಿದ್ದೇ ಇರಬಹುದು. ಅಪರೂಪದ ವಿಷಯವೂ ಅಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಇದರ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು. ಸ್ಟ್ರೋಕ್ ಆದ ಮೊದಲ ವರ್ಷದಲ್ಲಿ ನೂರಕ್ಕೆ 60ರವರೆಗೂ ಜನರಿಗೆ ನೆನಪು, ಗಮನ, ಯೋಚನೆಯಲ್ಲಿ ಏನಾದರೊಂದು ತೊಂದರೆ ಕಾಣಿಸುತ್ತದೆ ಅಂತ ಅದರಲ್ಲಿದೆ. ಮೊದಲ ಎರಡು ವಾರ ಇದು ತೀರಾ ಜಾಸ್ತಿ. ಸೌಮ್ಯ ತೊಂದರೆ ಇದ್ದವರಲ್ಲಿ ಐವರಲ್ಲಿ ಒಬ್ಬರು ಪೂರ್ತಿ ಮೊದಲಿನಂತಾಗುತ್ತಾರೆ, ಹೆಚ್ಚಾಗಿ ಆರು ತಿಂಗಳೊಳಗೆ. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಡಿಮೆನ್ಶಿಯಾ, ಅಂದರೆ ದಿನದ ಕೆಲಸಕ್ಕೂ ಇನ್ನೊಬ್ಬರು ಬೇಕಾಗುವ ಸ್ಥಿತಿ, ಬರಬಹುದು.

ಎಲ್ಲರಿಗೂ ಅಪಾಯ ಒಂದೇ ಸಮ ಇರುವುದಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ತೀವ್ರ ಸ್ಟ್ರೋಕ್ ಆದವರಲ್ಲಿ ಒಂದೇ ವರ್ಷದಲ್ಲಿ ನೂರಕ್ಕೆ ಸುಮಾರು 34 ಜನರಿಗೆ ಡಿಮೆನ್ಶಿಯಾ ಬಂದಿತ್ತು. ಸಣ್ಣ ಸ್ಟ್ರೋಕ್ ಆದವರಲ್ಲಿ 8, ಕೆಲ ಹೊತ್ತು ಬಂದು ತಾನೇ ಹೋಗುವ 'ಮಿನಿ ಸ್ಟ್ರೋಕ್' ಆದವರಲ್ಲಿ 5. ವಯಸ್ಸು, ಶುಗರ್, ಮೊದಲೇ ಇದ್ದ ಮರೆವು, ಸ್ಕ್ಯಾನಿನಲ್ಲಿ ಕಾಣುವ ಹಳೆಯ ಸಣ್ಣ ಸಣ್ಣ ಗಾಯಗಳು, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಪೆಟ್ಟು ಎಲ್ಲಿ ಬಿತ್ತು ಅನ್ನುವುದೂ ಮುಖ್ಯ. ನಿಮ್ಮ ಅಪ್ಪನಿಗೆ ಬಲಗೈ ಬಿದ್ದಿತ್ತು, ಮಾತು ತೊದಲಿತ್ತು ಅಂದರೆ ಪೆಟ್ಟು ಎಡ ಮಿದುಳಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಲೆಕ್ಕ ಮಾಡಲು ಬೇಕಾದ ಒಂದು ಮುಖ್ಯ ಜಾಗ ಅಲ್ಲೇ ಹಿಂಭಾಗದಲ್ಲಿದೆ. ಮಿದುಳಿನ ನಡುವೆ ಇರುವ ಥಲಮಸ್‌ಗೆ ಅವರೆಕಾಳಿನಷ್ಟು ಗಾಯವಾದರೂ ನೆನಪು ಕೈಕೊಡುತ್ತದೆ. ಕೈಕಾಲಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ವಿಷಯ. ಮರೆಗುಳಿತನ ಅಂದರೆ ಜನ ಹೆಸರು ಮರೆಯುವುದು, ದಾರಿ ತಪ್ಪುವುದು ಅಂದುಕೊಳ್ಳುತ್ತಾರೆ. ಸ್ಟ್ರೋಕಿನ ನಂತರ ಮೊದಲು ಏಟು ಬೀಳುವುದು ಹೆಚ್ಚಾಗಿ ವೇಗಕ್ಕೆ, ಗಮನಕ್ಕೆ, ಒಂದಾದ ಮೇಲೊಂದು ಕೆಲಸ ಜೋಡಿಸುವುದಕ್ಕೆ. ಹಳೆಯದೆಲ್ಲ ಚೆನ್ನಾಗಿ ನೆನಪಿರುತ್ತದೆ, ಆದರೆ ಚಿಲ್ಲರೆ ಕೊಡಲು ಆಗುವುದಿಲ್ಲ. ನೀವು ಬರೆದದ್ದು ಇದನ್ನೇ.

ಮುಂದಿನ ಭೇಟಿಯಲ್ಲಿ ನೀವೇ ಬಾಯಿಬಿಟ್ಟು ಕೇಳಿ: "ಸರ್, ನೆನಪು ಮತ್ತು ಯೋಚನೆಯ ಪರೀಕ್ಷೆ ಮಾಡಿ." ಚಿಲ್ಲರೆಯ ಘಟನೆ, ಮಾತ್ರೆಯ ವಿಷಯ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಓ.ಪಿ.ಡಿ. ಗದ್ದಲದಲ್ಲಿ ನಮಗೆ ಸಿಗುವ ಸಮಯ ಕಡಿಮೆ, ಮನೆಯವರು ಹೇಳದಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಶಿರಸಿ ಸೊಸೆ

ಅಕ್ಕ, ನಮ್ಮ ಅತ್ತೆಯದು ಬೇರೆ ತರಹ. ಅವರಿಗೆ ಬಲ ಮಿದುಳಿನ ಸ್ಟ್ರೋಕ್. ಎಲೆ ಹಾಕಿ ಬಡಿಸಿದರೆ ಎಡಗಡೆಯ ಉಪ್ಪಿನಕಾಯಿ, ಕೋಸಂಬರಿ ಹಾಗೇ ಇರುತ್ತಿತ್ತು. ಬಲಗಡೆಯ ಪಲ್ಯ ಖಾಲಿ. ಅನ್ನವೂ ಅರ್ಧ, ಗೆರೆ ಎಳೆದ ಹಾಗೆ ಎಡಗಡೆ ಉಳಿದಿರುತ್ತಿತ್ತು. ಆಮೇಲೆ "ಕೋಸಂಬರಿ ಯಾಕೆ ಬಡಿಸಲಿಲ್ಲ" ಅಂತ ಬೇಸರ ಮಾಡಿಕೊಳ್ಳುತ್ತಿದ್ದರು. ಕಣ್ಣಿನ ಡಾಕ್ಟರ್ ಹತ್ತಿರ ಹೋದರೆ ಕಣ್ಣು ಸರಿಯಾಗಿದೆ ಅಂದರು. ಬುದ್ಧಿಗೆ ಏನೋ ಆಯಿತು ಅಂತ ಊರವರೆಲ್ಲ ಮಾತಾಡಿಕೊಂಡರು.

ಆಮೇಲೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು, ಮನೆಗೆ ಬಂದು ನೋಡಿ, ಇವರಿಗೆ ಎಡಗಡೆ ಅನ್ನುವುದು ಒಂದಿದೆ ಅಂತಲೇ ಮಿದುಳು ಹೇಳುತ್ತಿಲ್ಲ ಎಂದರು. ಊಟದ ಮೇಜಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದರು. ಕೆಂಪು ಕಾಣುವವರೆಗೂ ತಲೆ ತಿರುಗಿಸಬೇಕು, ಆಮೇಲೆ ಊಟ. ಪೇಪರ್ ಓದುವಾಗಲೂ ಅದೇ ಉಪಾಯ. ಕ್ರಮೇಣ ತಾವೇ ತಿರುಗಿ ನೋಡುವುದನ್ನು ಕಲಿತರು. ಇದಕ್ಕೆ ಒಂದು ಮಾತ್ರೆಯೂ ಬೇಕಾಗಲಿಲ್ಲ.

ದಾವಣಗೆರೆ ಮಗಳು

ಓದಿ ಕಣ್ಣು ತುಂಬಿತು. ಅಮ್ಮನಿಗೂ ಓದಿ ಹೇಳಿದೆ. ಇನ್ನೊಂದು ಪ್ರಶ್ನೆ. ನಮ್ಮ ಚಿಕ್ಕಪ್ಪ "ಮಿದುಳಿಗೆ ಶಕ್ತಿ ಕೊಡುವ ಇಂಜೆಕ್ಷನ್ ಕೋರ್ಸ್ ಇದೆ, ಜೊತೆಗೆ ಮಾತ್ರೆ ಬರೆಸಿ" ಅನ್ನುತ್ತಿದ್ದಾರೆ. ತಿಂಗಳಿಗೆ ಸಾವಿರಗಟ್ಟಲೆ ಆಗುತ್ತದೆ. ಮಾಡಿಸಲೇಬೇಕಾ?

ಮೆಡಿಕಲ್ ಸ್ಟೋರ್, ತುಮಕೂರು

ನಾನು ಮಾರುವವನು, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಸ್ಟ್ರೋಕ್ ಚೀಟಿಗಳಲ್ಲಿ ಸಿಟಿಕೋಲಿನ್, ಪಿರಾಸೆಟಮ್ ತುಂಬಾ ಬರುತ್ತವೆ, ಕೆಲವೊಮ್ಮೆ ಸೆರೆಬ್ರೊಲೈಸಿನ್ ಇಂಜೆಕ್ಷನ್. ಬಿಲ್ಲಿನಲ್ಲಿ ದೊಡ್ಡ ಪಾಲು ಇವುಗಳದ್ದೇ. ನನಗೆ ನೋವಾಗುವುದು ಯಾವಾಗ ಗೊತ್ತಾ? ದುಡ್ಡು ಸಾಲದೆ ಇದ್ದಾಗ ಜನ ದುಬಾರಿ 'ಶಕ್ತಿ ಮಾತ್ರೆ' ಇಟ್ಟುಕೊಂಡು, "ಬಿ.ಪಿ.ದು ಮುಂದಿನ ವಾರ ಒಯ್ಯುತ್ತೇನೆ" ಅಂದಾಗ. ಬಿ.ಪಿ. ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಒಂದು ದಿನವೂ ತಪ್ಪಬಾರದು. ಜನೌಷಧಿ ಕೇಂದ್ರದಲ್ಲಿ ಅವು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ನನ್ನ ಅಂಗಡಿಗೇ ಬನ್ನಿ ಅಂತ ನಾನು ಹೇಳುವುದಿಲ್ಲ.

ನರರೋಗ ವೈದ್ಯ, ಮಂಗಳೂರು

ತುಮಕೂರಿನವರು ಹೇಳಿದ್ದು ಸರಿ. ಸಿಟಿಕೋಲಿನ್ ಬಗ್ಗೆ ಸ್ಪೇನ್, ಪೋರ್ಚುಗಲ್, ಜರ್ಮನಿಯಲ್ಲಿ ದೊಡ್ಡ ಪ್ರಯೋಗ ನಡೆಯಿತು. ಸ್ಟ್ರೋಕ್ ಆದ ಕೂಡಲೇ 2,298 ಜನರನ್ನು ಸೇರಿಸಿಕೊಂಡರು, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಖಾಲಿ ಮದ್ದು. 2012ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಸೆರೆಬ್ರೊಲೈಸಿನ್ ಕೂಡ ಸ್ಟ್ರೋಕಿನ ಆರಂಭದಲ್ಲಿ ಪ್ರಯೋಜನ ತೋರಿಸಿಲ್ಲ. ಇವು ಸಿಗದಿದ್ದರೆ ಅಪ್ಪನಿಗೆ ಅನ್ಯಾಯ ಮಾಡಿದೆವು ಅಂತ ಯಾರೂ ಕೊರಗಬೇಡಿ.

ಡೊನೆಪೆಜಿಲ್, ಗ್ಯಾಲಂಟಮಿನ್, ಮೆಮಂಟಿನ್ ಅಂತ ಮರೆವಿನ ಮಾತ್ರೆಗಳಿವೆ. ಅಲ್ಜೈಮರ್ ಕಾಯಿಲೆಗೆ ಬಳಸುವಂಥವು. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಶಿಯಾದಲ್ಲಿ ಇವುಗಳ ಲಾಭ ಸಣ್ಣದು. ವಯಸ್ಸಾದವರಲ್ಲಿ ಸ್ಟ್ರೋಕ್ ಮತ್ತು ಅಲ್ಜೈಮರ್ ಒಟ್ಟಿಗೇ ಇರುವುದೂ ಉಂಟು, ಅಂಥವರಿಗೆ ಕೊಟ್ಟು ನೋಡುತ್ತೇವೆ. ಡೊನೆಪೆಜಿಲ್‌ನಿಂದ ನಾಡಿ ನಿಧಾನವಾಗಬಹುದು, ಹೊಟ್ಟೆ ಕೆಡಬಹುದು. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟಿದ್ದು ನಮಗೂ ಆಗುತ್ತದೆ ಅಂತ ಶುರು ಮಾಡಬಾರದು.

ಹಾಗಾದರೆ ಚಿಕಿತ್ಸೆ ಯಾವುದು? ಎರಡನೇ ಸ್ಟ್ರೋಕ್ ಆಗದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2009ರಲ್ಲಿ ಲೆಕ್ಕ ಹಾಕಿದಾಗ, ಮೊದಲ ಸ್ಟ್ರೋಕಿನ ಬೆನ್ನಲ್ಲೇ ಹೊಸದಾಗಿ ಡಿಮೆನ್ಶಿಯಾ ಬಂದವರು ಹತ್ತರಲ್ಲಿ ಒಬ್ಬರು. ಮತ್ತೆ ಸ್ಟ್ರೋಕ್ ಆದವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಈ ವ್ಯತ್ಯಾಸ ನೋಡಿ. ಇಂಜೆಕ್ಷನ್ ಕೋರ್ಸ್‌ಗೆ ಎತ್ತಿಟ್ಟ ದುಡ್ಡು, ಓಡಾಟ ಎಲ್ಲವನ್ನೂ ನಾನಾದರೆ ಇಲ್ಲಿಗೆ ಹಾಕುತ್ತೇನೆ.

2003ರ ಪ್ರೋಗ್ರೆಸ್ ಪ್ರಯೋಗದಲ್ಲಿ 6,105 ಜನ ಇದ್ದರು, ಎಲ್ಲರಿಗೂ ಮೊದಲೇ ಸ್ಟ್ರೋಕ್ ಅಥವಾ ಮಿನಿ ಸ್ಟ್ರೋಕ್ ಆಗಿತ್ತು. ಬಿ.ಪಿ. ಇಳಿಸುವ ಪೆರಿಂಡೊಪ್ರಿಲ್, ಹಲವರಿಗೆ ಜೊತೆಗೆ ಇಂಡಪಮೈಡ್ ಕೊಟ್ಟರು. ನೆನಪು, ಯೋಚನೆ ಕುಸಿಯುವುದು ಐದನೇ ಒಂದು ಪಾಲು ಕಡಿಮೆಯಾಯಿತು. ಮತ್ತೆ ಸ್ಟ್ರೋಕ್ ಆಗಿ ಅದರ ಜೊತೆಗೆ ಬರುವ ಡಿಮೆನ್ಶಿಯಾ ಮೂರನೇ ಒಂದು ಪಾಲು ಇಳಿಯಿತು. ಸ್ಟ್ರೋಕ್ ಮರುಕಳಿಸದೆ ಬರುವ ಡಿಮೆನ್ಶಿಯಾದಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಅಂದರೆ ಬಿ.ಪಿ. ಹತೋಟಿ ಎರಡನೇ ಪೆಟ್ಟನ್ನು ತಪ್ಪಿಸಿ ಬುದ್ಧಿಯನ್ನು ಉಳಿಸುತ್ತದೆ.

ಈಗ ಸ್ಟ್ರೋಕ್ ಆದ ಹೆಚ್ಚಿನವರಿಗೆ 130/80ಕ್ಕಿಂತ ಕೆಳಗೆ ಇರಲಿ ಅನ್ನುತ್ತೇವೆ. ಮನೆಯಲ್ಲೇ ಬಿ.ಪಿ. ಮಷಿನ್ ಇಟ್ಟುಕೊಂಡು ಬರೆದಿಡಿ. ನಿಂತಾಗ ತಲೆ ಸುತ್ತಿದರೆ ತಿಳಿಸಿ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲ ಸೇರಿ ಲೆಕ್ಕ. ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾ ಪೂರ್ತಿ ಬಿಡಬೇಕು, ಇದರಲ್ಲಿ ರಾಜಿ ಇಲ್ಲ. ಎದೆ ಬಡಿತ ಏರುಪೇರು ಇದೆಯಾ ಅಂತ ಇ.ಸಿ.ಜಿ. ನೋಡಿರಬೇಕು, ಇದ್ದರೆ ಕೊಡುವ ರಕ್ತ ತೆಳು ಮಾಡುವ ಔಷಧಿಯೇ ಬೇರೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದಾ? ಅದನ್ನೂ ಹೇಳಿ.

ಕೊಲೆಸ್ಟ್ರಾಲ್ ಮಾತ್ರೆಯಿಂದ ಮರೆವು ಬರುತ್ತದೆ ಅನ್ನುವ ವಾಟ್ಸಾಪ್ ಸಂದೇಶ ನನಗೂ ಬರುತ್ತಿರುತ್ತದೆ. ಸ್ಟ್ಯಾಟಿನ್ ಅನ್ನುವ ಈ ಮಾತ್ರೆಗಳಿಂದ ಡಿಮೆನ್ಶಿಯಾ ಬರುತ್ತದೆ ಎನ್ನಲು ಆಧಾರವಿಲ್ಲ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದವರು ಎರಡನೇ ಸ್ಟ್ರೋಕ್ ಆಗಿ ವಾರ್ಡಿಗೆ ಬಂದಿದ್ದನ್ನು ನೋಡಿದ್ದೇನೆ.

ರಾಯಚೂರು ಓದುಗ

ನಮ್ಮ ಕಡೆ ಲಕ್ವಾ ಹೊಡೆದರೆ ಪಾರಿವಾಳದ ರಕ್ತ ಹಚ್ಚಿ ಉಜ್ಜುತ್ತಾರೆ. ಕೈಕಾಲೂ ಬರುತ್ತದೆ, ತಲೆಯೂ ಚುರುಕಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಇದರ ಬಗ್ಗೆ ಏನಂತೀರಿ?

ನರರೋಗ ವೈದ್ಯ, ಮಂಗಳೂರು

ಚರ್ಮಕ್ಕೆ ಹಚ್ಚಿದ ರಕ್ತ ಮಿದುಳಿಗೆ ಹೋಗುವುದಿಲ್ಲ, ಅದರಿಂದ ಲಾಭವಿಲ್ಲ. ಸ್ಟ್ರೋಕ್ ಆದ ಕೆಲ ವಾರಗಳಲ್ಲಿ ಬಹಳ ಜನರಿಗೆ ತಾನಾಗಿಯೇ ಒಂದಿಷ್ಟು ಶಕ್ತಿ ವಾಪಸ್ ಬರುತ್ತದೆ. ಆ ಹೊತ್ತಿನಲ್ಲಿ ಏನು ಹಚ್ಚಿದ್ದರೂ ಅದಕ್ಕೇ ಹೆಸರು ಬರುತ್ತದೆ. ನನ್ನ ಚಿಂತೆ ಸಮಯದ್ದು. ರಕ್ತನಾಳ ಕಟ್ಟಿ ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗೆ ಬರಬೇಕು. ಮುಖ ಓರೆಯಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಸೀದಾ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಬೇಗ ರಕ್ತ ಹರಿದಷ್ಟೂ ಉಳಿಯುವ ಮಿದುಳು ಜಾಸ್ತಿ. ಮುಂದಿನ ನೆನಪು, ಯೋಚನೆಯೂ ಅದರಲ್ಲೇ ಇದೆ.

ಕೋಲಾರದ ಮೇಷ್ಟ್ರು

ನನಗೇ ಸ್ಟ್ರೋಕ್ ಆಗಿತ್ತು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದವನು ನಾನು. ದಾವಣಗೆರೆ ತಂಗಿ, ನಿಮ್ಮ ಅಪ್ಪ ನೋಟು ಹಿಡಿದು ನಿಂತಾಗ ಒಳಗೆ ಏನಾಗಿರಬಹುದು ಅಂತ ಹೇಳುತ್ತೇನೆ. ಉತ್ತರ ಎಲ್ಲೋ ಇದೆ ಅಂತ ಗೊತ್ತಿರುತ್ತದೆ. ಐನೂರರಲ್ಲಿ ಮುನ್ನೂರು ಹೋದರೆ ಇನ್ನೂರು ಅನ್ನುವಷ್ಟರಲ್ಲಿ, ಎಷ್ಟರಲ್ಲಿ ಕಳೆಯಬೇಕಿತ್ತು ಅನ್ನುವುದೇ ಜಾರಿಹೋಗುತ್ತದೆ. ಮತ್ತೆ ಮೊದಲಿನಿಂದ. ಎದುರಿಗೆ ನಿಂತವರು ನೋಡುತ್ತಿರುತ್ತಾರೆ. ಪಕ್ಕದಲ್ಲಿ ಯಾರೋ ಮಾತಾಡುತ್ತಿರುತ್ತಾರೆ, ಬೀದಿಯಲ್ಲಿ ಹಾರ್ನ್ ಹೊಡೆಯುತ್ತದೆ. ಎಲ್ಲ ಸದ್ದೂ ಒಂದೇ ಸಮ ಒಳಗೆ ನುಗ್ಗುತ್ತದೆ. ಮೈ ಬೆವರುತ್ತದೆ. ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ.

ಸುಸ್ತಿನ ಬಗ್ಗೆಯೂ ಯಾರೂ ಹೇಳಿರಲಿಲ್ಲ. ಮಲಗಿ ಎದ್ದರೂ ಹೋಗದ ಸುಸ್ತು ಅದು. ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದರೆ ತಲೆ ಮುಚ್ಚಿಕೊಳ್ಳುತ್ತಿತ್ತು. ಹಳೆಯ ವಿದ್ಯಾರ್ಥಿ ಬಂದು ಕಾಲಿಗೆ ನಮಸ್ಕರಿಸಿದರೆ ಬಿಕ್ಕಿಬಿಕ್ಕಿ ಅಳು ಬರುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಇದೂ ಸ್ಟ್ರೋಕಿನದ್ದೇ, ಔಷಧಿ ಇದೆ ಅಂತ ಡಾಕ್ಟರ್ ಹೇಳಿದ ದಿನ ನನ್ನ ಮನೆಯವಳಿಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ನನಗೆ ನೆರವಾದದ್ದು ಇವು. ಬೆಳಿಗ್ಗೆ ತಲೆ ಹಗುರವಾಗಿರುವಾಗಲೇ ಕಷ್ಟದ ಕೆಲಸ ಮುಗಿಸುವುದು. ಟಿ.ವಿ. ಆರಿಸಿಯೇ ಮಾತಾಡುವುದು. ಜೇಬಿನಲ್ಲಿ ಸಣ್ಣ ಪುಸ್ತಕ, ಮಾಡಬೇಕಾದ್ದೆಲ್ಲ ಅದರಲ್ಲಿ, ಮಾಡಿದ ಮೇಲೆ ಗೀಟು. ವಾರದ ಏಳು ದಿನಕ್ಕೂ ಖಾನೆ ಇರುವ ಮಾತ್ರೆ ಡಬ್ಬಿ. ಅದನ್ನು ಭಾನುವಾರ ಮಗಳು ತುಂಬಿಸುತ್ತಾಳೆ. ಇವತ್ತಿನ ಖಾನೆ ಖಾಲಿ ಇದ್ದರೆ ನುಂಗಿಯಾಗಿದೆ ಅಂತ ಅರ್ಥ, ಯಾರನ್ನೂ ಕೇಳಬೇಕಿಲ್ಲ. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದೆ. ಕಲಿತದ್ದು ನಾನೇ.

ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಲ್ಲಿ ಮೊದಲು ಬಂದದ್ದು ಬೆಂಗಳೂರಿನ ಜಯನಗರ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರಕ್ಕೆ. ಆಮೇಲೆ ಬೇರೆ ಜಿಲ್ಲೆಗಳಿಗೂ ಹೋಗಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ತಂಗಿ.

ದಾವಣಗೆರೆ ಮಗಳು

ಮೇಷ್ಟ್ರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. "ಹೌದು, ಹಂಗೇ ಆಗುತ್ತದೆ" ಅಂದರು. ಅಷ್ಟು ದಿನದಲ್ಲಿ ಮೊದಲ ಸಲ ಅವರು ಇದರ ಬಗ್ಗೆ ಬಾಯಿಬಿಟ್ಟಿದ್ದು.

ಸ್ಟ್ರೋಕ್ ವಾರ್ಡ್ ನರ್ಸ್, ಇಂಗ್ಲೆಂಡ್

ನಾನು ಉಡುಪಿಯವಳು, ಇಲ್ಲಿ ಸ್ಟ್ರೋಕ್ ವಾರ್ಡಿನಲ್ಲಿ ಕೆಲಸ. ಇಲ್ಲಿ ಡಿಸ್ಚಾರ್ಜ್‌ಗೆ ಮೊದಲೇ ನೆನಪು, ಗಮನ, ಮೂಡ್ ಪರೀಕ್ಷೆ ಮಾಡುವುದು ವಾಡಿಕೆ. ಆರು ತಿಂಗಳಿಗೆ ಮತ್ತೊಮ್ಮೆ ಕರೆದು ನೋಡಬೇಕು ಅಂತ ನಿಯಮವಿದೆ, ಎಲ್ಲ ಕಡೆಯೂ ಸರಿಯಾಗಿ ನಡೆಯುವುದಿಲ್ಲ ಬಿಡಿ. ಮೋಕಾ ಅಂತ 30 ಅಂಕದ ಪರೀಕ್ಷೆ ಹೆಚ್ಚು ಬಳಕೆಯಲ್ಲಿದೆ. ಗಡಿಯಾರ ಬರೆಯುವುದು, ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು, ಐದು ಪದ ಕೇಳಿಸಿ ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿ ಹೇಳಿಸುವುದು, ಹೀಗೆ.

ಪರೀಕ್ಷೆಗೆ ಹೋಗುವಾಗ ಕನ್ನಡಕ, ಕಿವಿ ಮಷಿನ್ ಇದ್ದರೆ ಮರೆಯಬೇಡಿ. ಕೇಳಿಸದೆ ತಪ್ಪು ಹೇಳಿದ್ದನ್ನು ಮರೆವು ಅಂತ ಬರೆದುಬಿಡುತ್ತಾರೆ. ಮಾತೇ ಹೋಗಿದ್ದರೆ ಇಂಥ ಪರೀಕ್ಷೆಯ ಅಂಕ ನಂಬುವಂತಿಲ್ಲ, ಸ್ಪೀಚ್ ಥೆರಪಿಸ್ಟ್ ಜೊತೆಗಿರಬೇಕು.

ಇನ್ನೊಂದು ಮಾತು. ಅಪ್ಪ ಸುಮ್ನೆ ಕೂತಿರುತ್ತಾರೆ ಅಂದಿರಿ. ಖಿನ್ನತೆ ಇದೆಯಾ ನೋಡಿಸಿ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ, ನೋಡಲು ಮರೆವಿನ ಹಾಗೇ ಇರುತ್ತದೆ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ.

ಗದಗ ಮೊಮ್ಮಗ

ಈ ಪರೀಕ್ಷೆಗಳ ಬಗ್ಗೆ ನನ್ನದೊಂದು ತಕರಾರು. ನಮ್ಮ ಅಜ್ಜಿ ಶಾಲೆಗೇ ಹೋದವಳಲ್ಲ. ಗಡಿಯಾರ ಬರಿ, ಘನಾಕೃತಿ ಬರಿ ಅಂದರೆ ಸ್ಟ್ರೋಕ್ ಇಲ್ಲದಿದ್ದರೂ ಬರೆಯುತ್ತಿರಲಿಲ್ಲ. ಆದರೆ ಜೋಳ ಎಷ್ಟು ಪಾವು ಬೀಸಿದರೆ ಎಷ್ಟು ರೊಟ್ಟಿ ಅಂತ ತಪ್ಪದೆ ಹೇಳುತ್ತಿದ್ದಳು. ಅವಳಿಗೆ ಸೊನ್ನೆ ಅಂಕ ಕೊಟ್ಟು ಡಿಮೆನ್ಶಿಯಾ ಅಂದರೆ ಒಪ್ಪುವುದು ಹೇಗೆ?

ನರರೋಗ ವೈದ್ಯ, ಮಂಗಳೂರು

ನಿಮ್ಮ ತಕರಾರು ನ್ಯಾಯವಾದದ್ದು. ಓದಿದವರಿಗಾಗಿ ಮಾಡಿದ ಪರೀಕ್ಷೆಯನ್ನು ಓದದವರಿಗೆ ಹಾಗೇ ಹಾಕಬಾರದು. ಇದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಕನ್ನಡವೂ ಸೇರಿದಂತೆ ಭಾರತದ ಕೆಲವು ಭಾಷೆಗಳಲ್ಲಿ ಒಂದು ಪರೀಕ್ಷಾ ಮಾಲೆ ಸಿದ್ಧಪಡಿಸಿದೆ. ಇನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ವಯಸ್ಸಾದವರ ನೆನಪು, ಯೋಚನೆಯನ್ನು ವರ್ಷಗಳಿಂದ ನೋಡುತ್ತಾ ಬರುತ್ತಿದ್ದಾರೆ. ನಮ್ಮ ಹಳ್ಳಿಯವರಿಗೆ ಯಾವುದು ಸಹಜ ಅಂತ ತಿಳಿಯಲು ಇಂಥ ಕೆಲಸ ಬೇಕು.

ನಾನು ಮಾಡುವುದು ಇಷ್ಟು: ಅಂಕಕ್ಕಿಂತ ಮೊದಲು ಮನೆಯವರ ಮಾತು ಕೇಳುತ್ತೇನೆ. ಮೊದಲು ಮಾಡುತ್ತಿದ್ದು ಈಗ ಆಗದಿರುವುದು ಯಾವುದು? ನಿಮ್ಮ ಅಜ್ಜಿಯ ಜೋಳದ ಲೆಕ್ಕ ತಪ್ಪಿದ್ದರೆ ನನಗೆ ಗಡಿಯಾರಕ್ಕಿಂತ ಅದೇ ದೊಡ್ಡ ಸುಳಿವು.

ಮೆಡಿಕಲ್ ಸ್ಟೋರ್, ತುಮಕೂರು

ಒಂದು ಸೇರಿಸುತ್ತೇನೆ. ನೆನಪನ್ನು ಮಂಕು ಮಾಡುವ ಮಾತ್ರೆಗಳು ಚೀಟಿಯಲ್ಲೇ ಇರುತ್ತವೆ. ನಿದ್ರೆಗೆ ಅಂತ ಆಲ್ಪ್ರಾಜೋಲಮ್, ಕ್ಲೋನಾಜೆಪಮ್. ಮೂತ್ರ ತಡೆಯಲಾಗದವರಿಗೆ ಆಕ್ಸಿಬ್ಯುಟಿನಿನ್. ನೋವಿಗೆ ಅಮಿಟ್ರಿಪ್ಟಿಲಿನ್. ಶೀತಕ್ಕೆ ಸುಮ್ನೆ ಕೇಳಿ ಒಯ್ಯುವ ಕ್ಲೋರ್ಫೆನಿರಮಿನ್ ಇರುವ ಗುಳಿಗೆ, ಸಿರಪ್. ವಯಸ್ಸಾದವರಲ್ಲಿ ಇವು ಗೊಂದಲ ಹೆಚ್ಚಿಸುತ್ತವೆ. ನೀವೇ ನಿಲ್ಲಿಸಬೇಡಿ, ಆದರೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಮುಂದೆ ಸುರಿಯಿರಿ.

ಬ್ಯಾಂಕ್ ಸಿಬ್ಬಂದಿ, ಶಿವಮೊಗ್ಗ

ಯಾರೂ ಹಣದ ವಿಷಯ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಸ್ಟ್ರೋಕ್ ಆದವರು ಫೋನಿನಲ್ಲಿ ಯಾರೋ ಕೇಳಿದರು ಅಂತ ಓ.ಟಿ.ಪಿ. ಹೇಳಿ ದುಡ್ಡು ಕಳೆದುಕೊಂಡಿದ್ದನ್ನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಆಗುತ್ತದೆ. ಅಪ್ಪನಿಗೆ ತಿಳುವಳಿಕೆ ಸರಿ ಇರುವಾಗಲೇ, ಅವರ ಒಪ್ಪಿಗೆ ಪಡೆದು ಖಾತೆಗೆ ಅಮ್ಮನನ್ನೋ ನಿಮ್ಮನ್ನೋ ಸೇರಿಸಿ, ನಾಮಿನಿ ನೋಡಿ, ಹೊಸ ಸಹಿ ಕೊಡಿಸಿ. ಜಿ.ಪಿ.ಎ., ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ಮಾಡಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಬರೆದುಕೊಟ್ಟವರಿಗೆ ತಿಳುವಳಿಕೆಯೇ ಹೋದರೆ ನಮ್ಮ ಕಾಯಿದೆಯಲ್ಲಿ ಅದು ನಿಲ್ಲುವುದಿಲ್ಲ. ವಕೀಲರನ್ನು ಕೇಳಿ. ಅವರಿಂದ ಕಿತ್ತುಕೊಂಡ ಹಾಗೆ ಮಾಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ದಾವಣಗೆರೆ ಮಗಳು

ಎಲ್ಲರಿಗೂ ಹೇಳಬೇಕಿತ್ತು. ಹಾಳೆಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ಕೊಟ್ಟೆ. ಓದಿ, ಅಪ್ಪನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಹೊಸ ವಿಷಯ ನೆನಪಿಡುವುದು ಅಷ್ಟೇನೂ ಕೆಟ್ಟಿಲ್ಲವಂತೆ. ಗಮನ ಮತ್ತು ಲೆಕ್ಕ ತುಂಬಾ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ನಾವು ಸಸ್ಯಾಹಾರಿಗಳು, ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾರೆ, ಎರಡೂ ಸೇರಿ ಹೀಗಾಗುತ್ತದೆ ಅಂದರು. ಅದಕ್ಕೆ ಇಂಜೆಕ್ಷನ್ ಶುರುವಾಗಿದೆ. ರಾತ್ರಿಯ ನಿದ್ರೆ ಮಾತ್ರೆಯನ್ನು ನಿಧಾನಕ್ಕೆ ಇಳಿಸುತ್ತಿದ್ದಾರೆ. ದಿನಕ್ಕೆ ಎರಡು ಹೊತ್ತು ನಡಿಗೆ ಬರೆದಿದ್ದಾರೆ, ಔಷಧಿ ಚೀಟಿಯಲ್ಲೇ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಅಷ್ಟರೊಳಗೆ ಏನು ಕಂಡರೆ ಕಾಯದೆ ಓಡಬೇಕು, ವೈದ್ಯರೇ?

ನರರೋಗ ವೈದ್ಯ, ಮಂಗಳೂರು

ಒಳ್ಳೆಯ ಕೆಲಸ ಮಾಡಿದಿರಿ. ಬಿ12 ಕಡಿಮೆ ಇದ್ದರೆ ತುಂಬಿಸಲೇಬೇಕು. ಅದರಿಂದ ಎಷ್ಟು ಸುಧಾರಿಸುತ್ತಾರೆ ಅಂತ ಮೂರು ತಿಂಗಳಲ್ಲಿ ತಿಳಿಯುತ್ತದೆ.

ನಿಧಾನವಾದ ಬದಲಾವಣೆಗೆ ಕಾಯಬಹುದು. ಒಂದೆರಡು ದಿನದಲ್ಲಿ ಗೊಂದಲ ಜಾಸ್ತಿಯಾದರೆ ಕಾಯಬಾರದು. ಬಿದ್ದು ತಲೆಗೆ ತಗುಲಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ವಾರಗಳ ನಂತರವೂ ತಲೆಬುರುಡೆಯ ಒಳಗೆ ರಕ್ತ ಶೇಖರವಾಗಿ ಮಂಕಾಗಬಹುದು. ಆಪರೇಷನ್‌ನಿಂದ ಸರಿಹೋಗುವ ತೊಂದರೆ ಅದು. ದಿಟ್ಟಿಸುತ್ತಾ ಮಾತೇ ಆಡದಿದ್ದರೆ ಫಿಟ್ಸ್ ಇರಬಹುದು. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಶುಗರ್ ಇಳಿಯುವುದು ಕೂಡ ಒಮ್ಮೆಲೇ ಗಲಿಬಿಲಿ ಮಾಡಿಬಿಡುತ್ತವೆ. ಹೊಸದಾಗಿ ಕೈ ಜೋತರೆ, ಮಾತು ತೊದಲಿದರೆ ಏನು ಮಾಡಬೇಕು ಅಂತ ಮೇಲೆ ಹೇಳಿದ್ದೇನೆ. ಆ ಮಾತು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಲಿ, ಅಂಗಡಿ ಹುಡುಗನಿಗೂ.

ಫಿಸಿಯೋ, ಹುಬ್ಬಳ್ಳಿ

ಅಮ್ಮನನ್ನು ಮರೆಯಬೇಡಿ. ನೋಡಿಕೊಳ್ಳುವವರು ಸೋತರೆ ರೋಗಿಯೂ ಸೋಲುತ್ತಾರೆ. ಅವರಿಗೆ ಮನಸ್ಸು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ದಾವಣಗೆರೆ ಮಗಳು

ಖಂಡಿತ. ಕೊನೆಯದಾಗಿ ಒಂದು: ಅಪ್ಪ ಅಂಗಡಿಗೆ ಹೋಗುತ್ತೇನೆ ಅನ್ನುತ್ತಿದ್ದಾರೆ. ಅಮ್ಮ ಬೇಡ ಅನ್ನುತ್ತಾರೆ, ಮತ್ತೆ ಅವಮಾನ ಆದರೆ ಅಂತ.

ಕೋಲಾರದ ಮೇಷ್ಟ್ರು

ಕಳಿಸಿ ತಂಗಿ. ಆದರೆ ಗಲ್ಲಾದ ಮೇಲೆ ಕೂರಿಸಬೇಡಿ. ಬೆಳಿಗ್ಗೆ ಗಿರಾಕಿ ಕಡಿಮೆ ಇರುವ ಹೊತ್ತು ಎರಡು ತಾಸು ಸಾಕು. ಸೀರೆ ಬಿಡಿಸಿ ತೋರಿಸುವುದು, ಯಾವ ಮಗ್ಗದ್ದು, ಯಾವ ನೂಲು ಅಂತ ಹೇಳುವುದು ಅವರ ಕೈಗೆ, ನಾಲಿಗೆಗೆ ಹತ್ತಿದ ವಿದ್ಯೆ. ಹಣ ಸ್ಕ್ಯಾನ್ ಮಾಡಿಸಿಕೊಳ್ಳಿ, ಎಷ್ಟು ಬಂತು ಅಂತ ಪೆಟ್ಟಿಗೆಯೇ ಕೂಗಿ ಹೇಳುತ್ತದಲ್ಲ. ನೋಟು ಬಂದರೆ ಹುಡುಗ ನೋಡಿಕೊಳ್ಳಲಿ, ಹಾಗೆ ಅಂತ ಅವನಿಗೆ ಮೊದಲೇ ಹೇಳಿಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಯಾರೂ ಇಲ್ಲದಾಗ ನೀವಿಬ್ಬರೂ ಕೂತು ಹತ್ತು ಸಣ್ಣ ಲೆಕ್ಕ ಮಾಡಿ, ಕಾಗದದ ಮೇಲೆ ಬರೆದು. ಬರೆದರೆ ಅಂಕಿ ಜಾರುವುದಿಲ್ಲ.

ದಾವಣಗೆರೆ ಮಗಳು

ಸೋಮವಾರದಿಂದ ಶುರು ಮಾಡುತ್ತೇವೆ ಮೇಷ್ಟ್ರೇ. ಹುಡುಗನಿಗೆ ಇವತ್ತೇ ಹೇಳಿದ್ದೇನೆ.